ಅವನು ಮುಚ್ಚಿದ್ದು, ನಾನು ತೆರೆದದ್ದು

ಅವನ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವನ ಕುರ್ಚಿ.

ಕುರ್ಚಿ ಇದ್ದದ್ದು ಒಂದೇ. ಬೆಳಗಿನ ಪಾಳಿಯಲ್ಲಿ ನನ್ನದು, ಮಧ್ಯಾಹ್ನದ ಮೇಲೆ ಅವನದು. ನಾನು ಬರುವ ಹೊತ್ತಿಗೆ ಅದು ಎತ್ತರಕ್ಕೆ ಏರಿ ನಿಂತಿರುತ್ತಿತ್ತು. ಕೂತರೆ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹಿಡಿಕೆ ಎಳೆದು ಇಳಿಸಿಕೊಂಡು ಕೆಲಸ ಶುರುಮಾಡುತ್ತಿದ್ದೆ. ಮಾರನೇ ದಿನ ಅದು ಮತ್ತೆ ಮೇಲೆ.

ನಮ್ಮದು ಮೇಡಂ ಒಬ್ಬರು ನಡೆಸುವ ಎಂಬ್ರಾಯ್ಡರಿ ಅಂಗಡಿ. ಹೋಟೆಲ್ ಟವೆಲ್‌ಗಳ ಮೂಲೆಗೆ ಹೆಸರು, ಶಾಲೆಯ ಅಂಗಿಗಳ ಜೇಬಿಗೆ ಚಿಹ್ನೆ. ಲ್ಯಾಪ್‌ಟಾಪಿನಲ್ಲಿ ಡಿಸೈನ್ ತೆರೆದು ಮೆಷಿನ್ನಿಗೆ ಕಳಿಸಬೇಕು, ಸೂಜಿ ತಾನೇ ಓಡುತ್ತದೆ. ಪಾಳಿ ಬದಲಾಗುವಾಗ ಅವನು ಒಳಗೆ ಬರುತ್ತಿದ್ದ, ನಾನು ಚೀಲ ಹೆಗಲಿಗೇರಿಸಿ ಹೊರಗೆ. ತಿಂಗಳುಗಟ್ಟಲೆ ನಾನು ನೋಡಿದ್ದು ಅವನ ಚಪ್ಪಲಿ ಮಾತ್ರ. ನನಗೆ ತಲೆ ಎತ್ತುವ ಅಭ್ಯಾಸ ಕಡಿಮೆ. ಆದರೆ ತಗ್ಗಿದ ತಲೆಗೂ ಬಹಳ ಕಾಣುತ್ತದೆ. ದಾರದ ಉಂಡೆಗಳನ್ನು ಅವನು ತಿಳಿಬಣ್ಣದಿಂದ ಕಡುಬಣ್ಣಕ್ಕೆ ಸಾಲಾಗಿ ಜೋಡಿಸುತ್ತಿದ್ದ. ಮುರಿದ ಸೂಜಿಗಳನ್ನು ಕಾಗದದಲ್ಲಿ ಸುತ್ತಿಟ್ಟು ಹೋಗುತ್ತಿದ್ದ, ಯಾರ ಕೈಗೂ ಚುಚ್ಚದ ಹಾಗೆ. ಯಾರ ಕೈಗೂ ಅಂದರೆ, ನಾಳೆ ಬೆಳಗ್ಗೆ ಅಲ್ಲಿ ಕೈಯಿಡುವವಳು ನಾನೊಬ್ಬಳೇ.

ಅಂಥವನ ಮೇಲೆ ನನಗೆ ಒಂದೇ ಸಿಟ್ಟಿತ್ತು. ರಾತ್ರಿಯಿಡೀ ಸ್ಲೀಪ್‌ನಲ್ಲಿದ್ದ ಲ್ಯಾಪ್‌ಟಾಪಿನ ಮುಚ್ಚಳ ಬೆಳಗ್ಗೆ ತೆರೆದ ಕೂಡಲೇ ಫ್ಯಾನ್ ಹುಚ್ಚೆದ್ದು ಅರಚುತ್ತಿತ್ತು. ಮೌಸ್ ಎಳೆದರೆ ಬಾಣ ಆಮೇಲೆ ಯೋಚಿಸಿ ಬರುತ್ತಿತ್ತು. ಡಿಸೈನ್ ಅರ್ಧ ಹೋಗಿ ನಿಂತು, ಸೂಜಿ ಒಂದೇ ಕಡೆ ಕುಟ್ಟಿ, ಒಂದು ಕಟ್ಟು ಟವೆಲ್ ಹಾಳಾಗಿತ್ತು. ಸಂಜೆ ಇವನು ಅದಕ್ಕೆ ಏನು ಮಾಡಿ ಹೋಗುತ್ತಾನೆ?

ಒಂದು ಮಧ್ಯಾಹ್ನ ಚಪ್ಪಲಿಗಳು ನನ್ನ ಎದುರಿಗೆ ಬಂದು ನಿಂತವು.

"ಬೆಳಗ್ಗೆ ನೀವು ಅದಕ್ಕೆ ಏನು ಮಾಡ್ತೀರಿ?"

ತಲೆ ಎತ್ತಿದೆ. ಸಿಟ್ಟಿನ ಮುಖವಲ್ಲ. ಎಡಗಣ್ಣಿನ ಕೆಳಗೆ ಒಂದು ಚಿಕ್ಕ ಗಾಯದ ಕಲೆ, ನಗದಿದ್ದರೂ ನಗುವ ಹಾಗೆ ಕಾಣಿಸುವಂಥದು.

"ನಾನಾ?" ಅಂದೆ. "ಮುಚ್ಚಳ ತೆಗೀತೀನಿ, ಅಷ್ಟೆ."

"ನಾನು ಮುಚ್ಚಿ ಹೋಗ್ತೀನಿ, ಅಷ್ಟೆ. ಮತ್ತೆ ಮೇಡಂ ಯಾಕೆ ನಾನು ಸಿನಿಮಾ ನೋಡಿ ವೈರಸ್ ತುಂಬಿಸಿದೀನಿ ಅಂತಾರೆ?"

ದಾರದ ತುದಿ ಕತ್ತರಿಸುವ ಹೆಂಗಸಿಗೆ ನಾವೆಲ್ಲ ಕತ್ತರಿ ಅತ್ತೆ ಎನ್ನುತ್ತಿದ್ದೆವು. ಆಕೆ ಟವೆಲ್ ರಾಶಿಯ ಹಿಂದಿನಿಂದಲೇ ತೀರ್ಪು ಕೊಟ್ಟಳು. "ಒಬ್ಬರು ಮುಚ್ತೀರ, ಇನ್ನೊಬ್ಬರು ತೆಗೀತೀರ, ಆಮೇಲೆ ಇಬ್ಬರೂ ನಾನಲ್ಲ ಅಂತೀರ. ನಮ್ಮನೇಲೂ ಅಡುಗೆಮನೆ ಡಬ್ಬಕ್ಕೆ ಇದೇ ಜಗಳ. ಅದಕ್ಕೆ ಸಂಸಾರ ಅಂತಾರೆ."

ನನ್ನ ಕಿವಿ ಬಿಸಿಯಾಯಿತು. ಅವನು ತನ್ನ ಪಾಡಿಗೆ ಲ್ಯಾಪ್‌ಟಾಪ್ ಮುಚ್ಚಿ ತೆರೆದು ನೋಡಿದ. ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಮಲಗಿಸಿ ಎಬ್ಬಿಸಿದ. ಆಗಲೂ ತಣ್ಣಗಿತ್ತು.

"ಈಗ ನೋಡಿ, ಸಾಧು ಪ್ರಾಣಿ," ಅಂದ. "ಅದು ಏಳೋವಾಗಲೇ ನಾನು ನೋಡ್ಬೇಕು. ನಾಳೆ ಬೆಳಗ್ಗೆ ಬರ್ತೀನಿ. ನಿಮಗೆ ತೊಂದರೆ ಇಲ್ಲ ತಾನೆ?"

ಬನ್ನಿ ಎಂಬಂತೆ ತಲೆಯಾಡಿಸಿದೆ.

*

ಹೀಗೆ ನಮ್ಮ ಬೆಳಗುಗಳು ಶುರುವಾದವು.

ಅವನು ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದ. ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ, ಮುಟ್ಟದಷ್ಟು ದೂರ ಕೂರುತ್ತಿದ್ದ. ನಾನು ಮುಚ್ಚಳ ತೆರೆಯುತ್ತಿದ್ದೆ. ಫ್ಯಾನ್ ಎದ್ದು ಕೂಗುತ್ತಿತ್ತು. ಯಾವ ಪ್ರೋಗ್ರಾಮ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ಹಸಿರು ಗೆರೆ ಗೋಡೆ ಹತ್ತಿ ಸೂರಿಗೆ ತಾಗಿ ನಿಲ್ಲುತ್ತಿತ್ತು. ಪ್ರೊಸೆಸರ್ ನೂರಕ್ಕೆ ನೂರು.

"ನನಗೆ ಶಾಲೇಲಿ ಒಂದು ಸಲವೂ ಇಷ್ಟು ಬರ್ಲಿಲ್ಲ," ಅಂದ ಅವನು.

"ನನಗೆ ಶಾಲೆಯೇ ಪೂರ್ತಿ ಬರ್ಲಿಲ್ಲ," ಅಂದೆ. ಯಾರಿಗೂ ಹೇಳದ ಮಾತು ಅದು. ಅವನು ಅಯ್ಯೋ ಅನ್ನಲಿಲ್ಲ, ಯಾಕೆ ಎಂದು ಕೇಳಲೂ ಇಲ್ಲ. ಚಹಾ ಸುರಿದ ಫ್ಲಾಸ್ಕಿನ ಮುಚ್ಚಳವನ್ನು ನನ್ನ ಕಡೆ ಸರಿಸಿದ.

ದಿನಕ್ಕೆ ಒಂದೇ ಬದಲಾವಣೆ ಎಂದು ನಿಯಮ ಮಾಡಿಕೊಂಡೆವು. ಎರಡು ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲವಲ್ಲ. ಒಂದು ಸಂಜೆ ಬ್ರೌಸರ್ ಪೂರ್ತಿ ಮುಚ್ಚಿ ಮಲಗಿಸಿದ. ಬೆಳಗ್ಗೆ ಅದೇ ಕೂಗು. ಅಪ್‌ಡೇಟ್ ಹಾಕಿದೆವು. ವೈರಸ್ ಹುಡುಕುವ ಪ್ರೋಗ್ರಾಮಿನ ಹೊತ್ತು ಬದಲಾಯಿಸಿದೆವು. ಬ್ಲೂಟೂತ್ ಆರಿಸಿದೆವು. ಗಾಳಿ ಬರುವ ಕಿಂಡಿಯ ಧೂಳು ಊದಿದೆವು. ಊದುವಾಗ ಇಬ್ಬರ ತಲೆ ಡಿಕ್ಕಿಯಾಗಿ ಇಬ್ಬರೂ ಒಟ್ಟಿಗೆ ಸಾರಿ ಅಂದೆವು. ಟಾಸ್ಕ್ ಮ್ಯಾನೇಜರಿನ ಪಟ್ಟಿಯ ತುದಿಯಲ್ಲಿ ಯಾವಾಗಲೂ ಒಂದು ಉದ್ದನೆಯ ಹೆಸರು ಕೂತಿರುತ್ತಿತ್ತು. ಒಮ್ಮೆ ಅದನ್ನು ನಿಲ್ಲಿಸಿದ್ದಕ್ಕೆ ಡಿಸೈನ್ ಸಾಫ್ಟ್‌ವೇರೇ ಮುಚ್ಚಿಹೋಯಿತು. ಸಿಸ್ಟಮ್ಮಿನದೇ ಏನೋ ಇರಬೇಕೆಂದು ಅದರ ತಂಟೆಗೆ ಮತ್ತೆ ಹೋಗಲಿಲ್ಲ.

ಆ ಬೆಳಗುಗಳು ತುಂಬಾ ತಣ್ಣಗಿದ್ದವು. ಫ್ಯಾನ್ ಬಿಸಿಗಾಳಿ ಬಿಡುವ ಕಡೆ ನಾನು ಬೆರಳು ಚಾಚುತ್ತಿದ್ದೆ. ಅವನೂ ಚಾಚಿದ. ಒಂದೇ ಬಿಸಿಗೆ ನಾಲ್ಕು ಕೈ. ಅವನ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಹಳೆಯ ಚುಕ್ಕೆಗಳು. ನಾನು ಅವನ್ನು ನೋಡುತ್ತಿದ್ದೆ. ಅವನು ನೋಡುತ್ತಿದ್ದದ್ದು ಪರದೆಯನ್ನೋ, ಪರದೆಯಲ್ಲಿ ಕಾಣುವ ನನ್ನ ಮುಖವನ್ನೋ, ನನಗೆ ಗೊತ್ತಾಗುತ್ತಿರಲಿಲ್ಲ.

ಅಣ್ಣನ ಮನೆಯಲ್ಲಿ ನನಗೆ ಮಾತಿನ ಹೊರತು ಯಾವುದಕ್ಕೂ ಕೊರತೆ ಇರಲಿಲ್ಲ. "ಊಟ ಆಯ್ತಾ?" ಅಂತ ಅತ್ತಿಗೆ ಕೇಳುತ್ತಿದ್ದಳು, "ಆಯ್ತು" ಅನ್ನುತ್ತಿದ್ದೆ, ನನ್ನ ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಗೋಡೆಯ ಆಚೆ ಅವರಿಬ್ಬರೂ ಪಿಸುಗುಟ್ಟಿ ನಗುವುದು ಕೇಳುತ್ತಿತ್ತು. ನಾನು ಹೊದ್ದು ಮಲಗಿ, ಬೆಳಗ್ಗೆ ಅವನು ಆಡಿದ ಮಾತುಗಳನ್ನು ಒಂದೊಂದಾಗಿ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದೆ. ಲ್ಯಾಪ್‌ಟಾಪ್ ಸರಿಹೋದರೆ ಅವನು ಬೆಳಗ್ಗೆ ಬರುವುದಿಲ್ಲ. ಇದು ನನಗೆ ಮೊದಲ ದಿನವೇ ಗೊತ್ತಿತ್ತು.

*

ಒಂದು ಶುಕ್ರವಾರ ಟವೆಲ್‌ಗಳ ದೊಡ್ಡ ಆರ್ಡರ್ ಇತ್ತು. ಮಡಚಿ ಕಟ್ಟು ಮಾಡಲು ಮೇಡಂ ನನ್ನನ್ನೂ ಸಂಜೆಯವರೆಗೆ ಉಳಿಸಿಕೊಂಡರು. ಅವನು ಕೆಲಸ ಮುಗಿಸುವುದನ್ನು ನಾನು ನೋಡಿದ್ದು ಅದೇ ಮೊದಲು.

ಅವನು ದಾರ ಜೋಡಿಸಿದ. ಮೆಷಿನ್ನಿಗೆ ಬಟ್ಟೆ ಹೊದಿಸಿದ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ. ಆಮೇಲೆ ಪಕ್ಕದಿಂದ ಕೀ ಎಳೆದು ಮೇಡಂ ಕೈಗೆ ಕೊಟ್ಟ. ಕೀ ಅಂದರೆ ಪೆನ್‌ಡ್ರೈವಿನಂಥ ಪುಟ್ಟ ತುಂಡು. ಅದು ಸಿಕ್ಕಿಸಿರದಿದ್ದರೆ ಡಿಸೈನ್ ಸಾಫ್ಟ್‌ವೇರ್ ಕೆಲಸ ಮಾಡುವುದಿಲ್ಲ. ದುಬಾರಿ ವಸ್ತು ಎಂದು ಮೇಡಂ ಅದಕ್ಕೆ ಕೆಂಪು ದಾರ ಕಟ್ಟಿ ದಿನಾ ಡ್ರಾಯರಿನಲ್ಲಿ ಬೀಗ ಹಾಕಿಡುತ್ತಿದ್ದರು. ಬೆಳಗ್ಗೆ ನಾನು ಮುಚ್ಚಳ ತೆರೆದ ಎಷ್ಟೋ ಹೊತ್ತಿನ ಮೇಲೆ ಅವರು ಬಂದು ಅದನ್ನು ಕೊಡುತ್ತಿದ್ದರು.

ನಾನು ನೋಡುತ್ತಿದ್ದದ್ದು ಲ್ಯಾಪ್‌ಟಾಪನ್ನಲ್ಲ, ಅವನ ಕೈಯನ್ನು. ಅದಕ್ಕೇ ಕಾಣಿಸಿತು. ಸಾಫ್ಟ್‌ವೇರ್ ತೆರೆದೇ ಇರುತ್ತದೆ, ಹಾಗೇ ನಿದ್ದೆ ಹೋಗುತ್ತದೆ. ನಿದ್ದೆಯಲ್ಲಿದ್ದಾಗ ಕೀ ಕಿತ್ತುಕೊಳ್ಳುತ್ತೇವೆ. ಎದ್ದ ಕೂಡಲೇ ಅದು ತನ್ನ ಕೀ ಹುಡುಕುತ್ತದೆ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹುಡುಕುತ್ತಲೇ ಇರುತ್ತದೆ, ಆಮೇಲೆ ಕೀ ಸಿಕ್ಕಿಸಿದರೂ ಬೇಗ ನಿಲ್ಲಿಸುವುದಿಲ್ಲ. ಪಟ್ಟಿಯ ತುದಿಯ ಆ ಉದ್ದನೆಯ ಹೆಸರು ಇದೇ. ಮೊದಲ ದಿನ ಮಧ್ಯಾಹ್ನ ಪರೀಕ್ಷೆ ಮಾಡಿದಾಗ ಕೀ ಅಲ್ಲೇ ಇತ್ತು, ಅದಕ್ಕೇ ಲ್ಯಾಪ್‌ಟಾಪ್ ಸುಮ್ಮನಿತ್ತು.

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಬಗ್ಗಿ, ಕುರ್ಚಿಯ ಹಿಡಿಕೆ ಎಳೆದ. ಕುರ್ಚಿ ಮೆಲ್ಲಗೆ ಕೆಳಗಿಳಿದು ನನ್ನ ಎತ್ತರಕ್ಕೆ ಬಂದು ನಿಂತಿತು.

ಈಚೆಗೆ ಬೆಳಗ್ಗೆ ಕುರ್ಚಿ ಇಳಿದೇ ಇರುತ್ತಿತ್ತು. ಹಿಡಿಕೆ ಸಡಿಲವಾಗಿದೆ ಅಂದುಕೊಂಡಿದ್ದೆ.

ತೆರೆದ ಬಾಯಿ ಮುಚ್ಚಿದೆ. ಇನ್ನೊಂದೇ ಬೆಳಗು, ನಾಳೆ ಚಹಾ ಕುಡಿದ ಮೇಲೆ ಹೇಳಿದರಾಯಿತು ಎಂದುಕೊಂಡೆ.

*

ಶನಿವಾರ ಮುಚ್ಚಳ ತೆರೆದೆ, ಫ್ಯಾನ್ ಕೂಗಿತು, ಕೈ ಬಿಸಿ ಮಾಡಿಕೊಂಡೆವು.

"ಇವತ್ತು ಬೇಗ ಸುಮ್ಮನಾಗುತ್ತೇನೋ," ಅಂದ ಅವನು.

"ಆಗಲ್ಲ," ಅಂದೆ.

"ಅಷ್ಟು ಗಟ್ಟಿಯಾಗಿ ಹೇಳ್ತೀರಲ್ಲ?"

ನಾನು ಚಹಾದಲ್ಲಿ ಮುಖ ಮುಚ್ಚಿಕೊಂಡೆ. ಆಗಲೇ ಮೇಡಂ ಎಂದಿಗಿಂತ ಬೇಗ ಒಳಗೆ ಬಂದರು. ಹೋಟೆಲಿನವರು ಇನ್ನೊಂದು ಕಟ್ಟು ವಾಪಸ್ ಕಳಿಸಿದ್ದರು.

"ನೀವು ಇಲ್ಲೇ ಇದ್ದದ್ದು ಒಳ್ಳೇದಾಯ್ತು," ಅಂದರು ಅವನಿಗೆ. "ಸೋಮವಾರದಿಂದ ಸಂಜೆ ಬೇರೆಯವರು ಬರ್ತಾರೆ. ನನಗೂ ಸಾಕಾಯ್ತು. ನೀವು ಸಂಜೆ ಮುಟ್ಟಿದ್ದು ಬೆಳಗ್ಗೆ ಕೆಟ್ಟಿರುತ್ತೆ. ಇನ್ನೇನು ಹೇಳ್ಲಿ?"

ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ಅದು ಆಗಲೇ ಬಿಗಿಯಾಗಿತ್ತು, ಆದರೂ ತಿರುಗಿಸುತ್ತಲೇ ಇದ್ದ.

"ಕೀ," ಅಂದೆ ನಾನು.

ಆ ಅಂಗಡಿಯಲ್ಲಿ ನಾನಾಗಿ ಮಾತೆತ್ತಿದ್ದು ಅದೇ ಮೊದಲು. ಕತ್ತರಿ ಅತ್ತೆಯ ಕತ್ತರಿ ನಿಂತಿತು.

"ಇವರದೇನೂ ತಪ್ಪಿಲ್ಲ ಮೇಡಂ. ಅದು ಮಲಗಿರುವಾಗ ಕೀ ತೆಗೀತೀವಿ. ಎದ್ದು ಹುಡುಕುತ್ತೆ. ಸಾಫ್ಟ್‌ವೇರ್ ಮುಚ್ಚಿ, ಆಮೇಲೆ ಕೀ ತೆಗೆದು, ಆಮೇಲೆ ಮುಚ್ಚಳ ಹಾಕ್ಬೇಕು. ಮಾಡಿ ತೋರಿಸ್ತೀನಿ."

ಮಾಡಿ ತೋರಿಸಿದೆ. ಕೀ ಹಾಕಿ, ಎಲ್ಲ ಹೊಸದಾಗಿ ಶುರುಮಾಡಿ, ಮಲಗಿಸಿ, ಕೀ ಕಿತ್ತು, ಎಬ್ಬಿಸಿದೆ. ಕೂಗಿತು. ಮತ್ತೆ ಎಲ್ಲ ಶುರುಮಾಡಿ, ಸರಿಯಾದ ಕ್ರಮದಲ್ಲಿ ಮಲಗಿಸಿ ಎಬ್ಬಿಸಿದೆ. ಹಸಿರು ಗೆರೆ ತಳದಲ್ಲೇ ಹರಿದಾಡಿತು. ಎಲ್ಲರೂ ಆ ಮೌನವನ್ನು ಕೇಳಿಸಿಕೊಂಡೆವು.

"ನಿಂಗೆ ಇದು ಹೇಗೆ ತಿಳೀತು?" ಅಂದರು ಮೇಡಂ.

"ನಿನ್ನೆ ಸಂಜೆ ಟವೆಲ್ ಮಡಚುವಾಗ ನೋಡ್ದೆ."

"ನಿನ್ನೆ?" ಮೇಡಂ ಸ್ಟೂಲ್ ನೋಡಿದರು, ಚಹಾ ನೋಡಿದರು. "ನಿನ್ನೆಯೇ ಗೊತ್ತಿದ್ರೆ ಇವತ್ತು ಬೆಳಗ್ಗೆಯಿಂದ ಇಬ್ಬರೂ ಕೂತು ಏನು ಹುಡುಕ್ತಾ ಇದ್ರಿ?"

ಉತ್ತರ ನನ್ನ ಮುಖದ ಮೇಲೆ ಪೂರ್ತಿ ಇತ್ತೆಂದು ಕಾಣುತ್ತದೆ. ಅವನು ನನ್ನನ್ನು ನೋಡಿದ, ಕಿವಿಯ ತುದಿವರೆಗೂ ಕೆಂಪಾದ.

"ಮೇಡಂ, ನಿಮಗೆ ಕೀ ಸಿಕ್ತಲ್ಲ, ಬಿಡಿ," ಅಂದಳು ಕತ್ತರಿ ಅತ್ತೆ. "ಉಳಿದದ್ದು ಅವರು ಹುಡುಕ್ಕೋತಾರೆ."

"ಸೋಮವಾರ ನೀವೇ ಬನ್ನಿ," ಎಂದು ಮೇಡಂ ಅವನ ಮುಖ ನೋಡದೆ ಹೇಳಿ ಒಳಗೆ ಹೋದರು. ಅವನೂ ಫ್ಲಾಸ್ಕ್ ಎತ್ತಿಕೊಂಡು ಹೊರಟುಬಿಟ್ಟ.

*

ಸೋಮವಾರ ಮುಚ್ಚಳ ತೆರೆದೆ. ಸದ್ದಿಲ್ಲ. ಅಭ್ಯಾಸಬಲದಿಂದ ಕಿಂಡಿಗೆ ಬೆರಳು ಒಡ್ಡಿದೆ. ಬಿಸಿಯಿಲ್ಲ.

ಸ್ಟೂಲ್ ಗೋಡೆ ಪಕ್ಕ ಖಾಲಿ ಇತ್ತು. ಮಧ್ಯಾಹ್ನ ಚಪ್ಪಲಿಗಳು ಬಂದವು, ನಾನು ಚೀಲ ಎತ್ತಿಕೊಂಡು ದಾಟಿದೆ. ನನ್ನ ಒಂದು ಬೆಳಗಿನ ಆಸೆಗೆ ಅವನ ಕೆಲಸವೇ ಹೋಗುತ್ತಿತ್ತಲ್ಲ ಎಂದುಕೊಂಡರೆ ತಲೆ ಇನ್ನೂ ತಗ್ಗುತ್ತಿತ್ತು.

ಮಂಗಳವಾರ ಬಂದಾಗ ಕುರ್ಚಿ ಮೇಲೇರಿತ್ತು. ಹಿಡಿಕೆ ಎಳೆಯಲು ಮನಸ್ಸಾಗಲಿಲ್ಲ. ಇಡೀ ಪಾಳಿ ಕಾಲು ಇಳಿಬಿಟ್ಟುಕೊಂಡೇ ಕೆಲಸ ಮಾಡಿದೆ. ಅಷ್ಟು ಹೊತ್ತು ನೆಲ ಸಿಗದೆ ಕೂತರೆ ಮನುಷ್ಯನಿಗೆ ಸಿಟ್ಟು ಬರುತ್ತದೆ, ಸಿಟ್ಟಿನ ಜೊತೆ ಸ್ವಲ್ಪ ಧೈರ್ಯವೂ.

ಅವನು ಬಂದ. ನಾನು ತಲೆ ಎತ್ತಿದೆ.

"ಕುರ್ಚಿ ಯಾಕೆ ಎತ್ತರ ಮಾಡಿದ್ರಿ?"

ಗಾಯದ ಕಲೆ ಅಲ್ಲಾಡಿತು. "ಇಷ್ಟು ದಿನ ಇಳಿಸಿಟ್ಟೆ, ಯಾಕೆ ಅಂತ ಒಂದು ಸಲವೂ ಕೇಳ್ಲಿಲ್ಲ. ಏರಿಸಿದ್ರಾದ್ರೂ ಕೇಳ್ತೀರೇನೋ ಅಂತ."

ಟವೆಲ್ ರಾಶಿಯ ಹಿಂದೆ ಕತ್ತರಿ ನಿಂತಿತು.

"ನಾಳೆ ಬೆಳಗ್ಗೆ ಬನ್ನಿ," ಅಂದೆ.

"ಯಾಕೆ? ಮತ್ತೆ ಶುರುವಾಯ್ತಾ?"

"ಇಲ್ಲ. ಎಲ್ಲ ಸರಿಯಾಗಿದೆ." ಉಸಿರು ತೆಗೆದುಕೊಂಡೆ. "ಆದ್ರೂ ಬನ್ನಿ."

ಮಾರನೇ ದಿನ ನಾನು ಬರುವ ಮೊದಲೇ ಅವನು ಅಂಗಡಿಯ ಮೆಟ್ಟಿಲ ಮೇಲೆ ಫ್ಲಾಸ್ಕ್ ಹಿಡಿದು ಕೂತಿದ್ದ. ಒಳಗೆ ಕುರ್ಚಿ ಇಳಿದಿತ್ತು. ಅವನು ಸ್ಟೂಲ್ ಎಳೆದುಕೊಂಡ, ನಾನು ಮುಚ್ಚಳ ತೆರೆದೆ. ಗೆರೆ ತಳದಲ್ಲಿ ಮಲಗಿತ್ತು. ನೋಡಲು ಏನೂ ಇರಲಿಲ್ಲ, ಇಬ್ಬರೂ ಅದನ್ನೇ ನೋಡುತ್ತಾ ಕೂತೆವು.

"ಕೈ ತಣ್ಣಗಾಗಿರ್ಬೇಕಲ್ಲ," ಅಂದ ಅವನು, ಪರದೆಯಿಂದ ಕಣ್ಣು ಕೀಳದೆ.

"ಹ್ಞೂಂ," ಅಂದೆ, ಮತ್ತು ಕೈಯನ್ನು ಅಲ್ಲೇ, ಅವನ ಕೈಗೆ ಸಿಗುವ ಹಾಗೆ, ಮೇಜಿನ ಮೇಲೆ ಇಟ್ಟೆ.