ಮುಂದಕ್ಕೆ ವಾಲಿದ ಚಕ್ರಗಳು

"ಗಾಡಿಗೇನೂ ಆಗಿಲ್ಲ. ನಿಮ್ಮ ಕೈ ನಡುಗುತ್ತೆ, ಅಷ್ಟೇ," ಎಂದಳು ಗಾಡಿ ರಿಪೇರಿ ಮಾಡಿದ ಹುಡುಗಿ.

ರಿಮೋಟಿನಿಂದ ಓಡಿಸುವ ಬಗ್ಗಿಗಳ, ಅಂದರೆ ಪುಟ್ಟ ರೇಸ್ ಗಾಡಿಗಳ, ಟ್ರ್ಯಾಕಿನ ಬೇಲಿಗೆ ಒರಗಿ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಬಗ್ಗಿಯ ಒಡೆಯನಾದ ಟೈಲರ್ ಮಾತ್ರ ರಿಮೋಟ್ ಹಿಡಿದ ತನ್ನ ಕೈಯನ್ನೇ ನೋಡಿಕೊಂಡ. ಅವನ ಕಿವಿ ಕೆಂಪಾಯಿತು. ಬಗ್ಗಿಯನ್ನು ಎತ್ತಿ ತಂದು ಅವಳ ಮುಂದಿಟ್ಟು, "ನೀವೇ ಇಟ್ಕೊಳ್ಳಿ," ಎಂದು ಹೊರಟುಹೋದ.

ಅವಳು ಸೋದರಮಾವನ ಆಟಿಕೆ ಅಂಗಡಿಯ ಮೆಕ್ಯಾನಿಕ್. ಆ ಬಗ್ಗಿ ಅವಳಿಗಿಂತ ಹಳೆಯದು. ಅದರ ಮುಂಭಾಗವನ್ನು ಪೂರ್ತಿ ಬಿಚ್ಚಿ ಜೋಡಿಸಿಕೊಟ್ಟವಳು ಅವಳೇ. ಅಂದಿನಿಂದ ಅದು ನೇರ ದಾರಿಯಲ್ಲೂ ಅತ್ತಿತ್ತ ಓಲಾಡುತ್ತಿತ್ತು. ಚಕ್ರಗಳ ಕೋನ ತಿದ್ದಿದಳು, ಸ್ಪ್ರಿಂಗ್ ಬದಲಿಸಿದಳು, ಚಕ್ರ ತಿರುಗಿಸುವ ಕಡ್ಡಿ ಉದ್ದ ಮಾಡಿದಳು. ಅವನು ಬೇಸರಪಡದೆ ಮತ್ತೆ ಮತ್ತೆ ತರುತ್ತಿದ್ದ. ಬೆಂಚಿನ ಪಕ್ಕ ನಿಂತು, ಗಾಡಿಯನ್ನು ಬಿಟ್ಟು ಅವಳ ಬೆರಳುಗಳನ್ನು ನೋಡುತ್ತಿದ್ದ. ಅವಳಿಗದು ಹಿತವಾಗಿತ್ತು. ಹಿತವಾಗಿದ್ದಕ್ಕೇ ಬಾಯಿ ಇನ್ನಷ್ಟು ಹರಿತವಾಗುತ್ತಿತ್ತು.

ಮರುದಿನ ಚಕ್ರ ಕಳಚಿ, ಗಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿದಳು. ಚಕ್ರ ತಿರುಗುವ ಕೀಲಿನ ಮೇಲ್ತುದಿ ತುಸು ಹಿಂದಕ್ಕೆ ವಾಲಿರಬೇಕು. ಹಾಗಿದ್ದರೇ ಚಕ್ರ ತಾನಾಗಿ ನೇರಕ್ಕೆ ಬರುವುದು. ಇಲ್ಲಿ ಮುಂದಕ್ಕೆ ವಾಲಿತ್ತು. ಆ ಕೀಲನ್ನು ಹಿಡಿದಿಡುವ ಎಡಗಡೆಯ ಬ್ಲಾಕನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಬಿಟ್ಟಿದ್ದಳು. ಕಲಿಯುವವರು ಮಾಡುವ ತಪ್ಪು. ಗಾಡಿಯನ್ನು ಒಯ್ದು ಮಾವನಿಗೆ ತೋರಿಸಿದಳು.

"ಸರಿ ಮಾಡಿ, ನೀನೇ ಹೋಗಿ ಕೊಟ್ಟು ಬಾ," ಎಂದ ಮಾವ.

"ಯಾವ ಮುಖ ಇಟ್ಕೊಂಡು ಹೋಗ್ಲಿ, ಮಾವ?"

"ಅಷ್ಟು ಜನರ ಮುಂದೆ ನಾಲಿಗೆ ತೋರಿಸಿದ್ಯಲ್ಲ. ಅದಕ್ಕಿಂತ ಮುಖಾನೇ ವಾಸಿ, ಹೋಗೇ."

ಸರಿಮಾಡಿದ ಗಾಡಿ ಹಿಡಿದು ಬಂದವಳ ಕಾಲು ಅವನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತುಬಿಟ್ಟಿತು. ಅವನು ತಲೆ ಬಗ್ಗಿಸಿ, ಕಪ್ಪು ಬಟ್ಟೆಯ ಮೇಲೆ ಸ್ಕೇಲ್ ಇಲ್ಲದೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಗೆರೆ ಬಿಗಿದ ದಾರದ ಹಾಗೆ ನೇರವಾಗಿತ್ತು. ಈ ಕೈಯನ್ನೇ ತಾನು ಹೀಯಾಳಿಸಿದ್ದು. ಅವಳ ಮುಖ ಬಿಸಿಯಾಯಿತು.

"ತಪ್ಪು ನಂದು," ಎಂದಳು ಅಲ್ಲಿಂದಲೇ. "ಬ್ಲಾಕ್ ಅದಲುಬದಲು ಹಾಕಿದ್ದೆ. ನಿಮ್ಮ ಕೈಗೆ ಏನೂ ಆಗಿಲ್ಲ."

ಅವನು ತಲೆಯೆತ್ತಿದ. ಸೀಮೆಸುಣ್ಣ ಗೆರೆ ಬಿಟ್ಟು ಪಕ್ಕಕ್ಕೆ ಜಾರಿತು.

"ಆಗಿದೆ," ಎಂದ ಮೆಲ್ಲಗೆ. "ನೀವು ಹತ್ತಿರ ಇದ್ರೆ ಮಾತ್ರ ಹೀಗೆ. ಅವತ್ತು ನೀವು ಹಾಗಂದಾಗ, ಯಾಕೆ ನಡುಗುತ್ತೆ ಅಂತ ಗೊತ್ತಿದ್ದೇ ಆಡ್ಕೊಂಡ್ರಿ ಅಂತ ತಿಳ್ಕೊಂಡೆ."

ಅವಳಿಗೆ ಭೂಮಿ ಬಾಯಿ ತೆರೆದರೆ ಸಾಕೆನಿಸಿತು. "ಗೊತ್ತಿರ್ಲಿಲ್ಲ ಕಣ್ರೀ. ಭಾನುವಾರ ಟ್ರ್ಯಾಕಲ್ಲಿ ಎಲ್ಲರ ಮುಂದೇನೇ ಹೇಳ್ತೀನಿ."

"ಏನಂತ?"

"ಬ್ಲಾಕಿನ ತಪ್ಪು ನಂದು ಅಂತ."

"ಮತ್ತೆ ಕೈ ವಿಷಯ?"

"ಅದು ಅವರಿಗ್ಯಾಕೆ?" ಎಂದಳು. "ನಮ್ಮಿಬ್ಬರಲ್ಲೇ ಇರ್ಲಿ."

ಅಂದ ಮೇಲೆ ಕಣ್ಣೆತ್ತಲಾಗದೆ, ಮೇಜಿನ ಬಳಿ ಬಂದು ಆ ಸೊಟ್ಟ ಗೆರೆಯನ್ನೇ ನೋಡುತ್ತ ನಿಂತಳು. ಅಳಿಸಲು ಬ್ರಷ್ ಎತ್ತಿಕೊಂಡಿದ್ದ ಅವನು, ಅದನ್ನು ಹಾಗೇ ಕೆಳಗಿಟ್ಟ.