ಹಸಿರು ದೀಪದ ಸಾಕ್ಷಿ

"ಕಲಿಯೂದು ಯಾವುದು, ದುಡಿಯೂದು ಯಾವುದು ಅಂತ ಬ್ಯಾರೆ ಬ್ಯಾರೆ ಮಾಡಿ ತೋರಸೂ ಯಂತ್ರ ನಾ ಮಾಡ್ತೀನಿ, ದಾಕ್ಷಿ. ಮಾತು ಕೊಡ್ತೀನಿ."

ಇಂದುಮತಿ ಕಟಗೇರಿ ಹೀಗೆ ಮಾತು ಕೊಟ್ಟದ್ದು ಹುಬ್ಬಳ್ಳಿಯ ಉಣಕಲ್ ಬಸ್ ನಿಲ್ದಾಣದಲ್ಲಿ. ಆಗ ಅವಳೂ ಗೆಳತಿ ದಾಕ್ಷಾಯಣಿಯೂ ಒಂದು ತಂತ್ರಾಂಶ ಕಂಪನಿಯಲ್ಲಿ ಸಂಬಳವಿಲ್ಲದ ಇಂಟರ್ನ್‌ಗಳು. ಸಂಬಳದ ಮಾತೆತ್ತಿದಾಗಲೆಲ್ಲ ಮೇಲಿನವರು "ನೀವಿನ್ನೂ ಕಲಿಯಾಕತ್ತೀರಿ" ಎನ್ನುತ್ತಿದ್ದರು. ದಾಕ್ಷಾಯಣಿ ಕಲಿಯುತ್ತ ಬರೆದ ಗಣಕದ ಕ್ರಮವಿಧಿಯನ್ನು ಮಾತ್ರ ಗಿರಾಕಿಗಳಿಗೆ ಮಾರಿಯಾಗಿತ್ತು. ಮನೆಯವರಿಗೆ ಇನ್ನು ಕಾಯುವ ಶಕ್ತಿ ಇರಲಿಲ್ಲ. ಆ ದಿನ ಅವಳು ಕೆಲಸ ಬಿಟ್ಟು ಬಂದಿದ್ದಳು.

"ಯಂತ್ರ ಆಮ್ಯಾಲ ಮಾಡೀಯಂತ. ಈಗ ಬಸ್ ಹತ್ತು," ಎಂದು ದಾಕ್ಷಾಯಣಿ ನಕ್ಕಿದ್ದಳು. ಮುಂದೆ ಅವಳು ನಗರ ಸಾರಿಗೆಯಲ್ಲಿ ಕಂಡಕ್ಟರ್ ಆದಳು. ಇಂದುಮತಿ ನರವಿಜ್ಞಾನಿಯಾದಳು. ಯಂತ್ರವೂ ಆಯಿತು, ತಲೆಗೂದಲು ನರೆಯುವಷ್ಟು ಕಾಲ ಹಿಡಿದರೂ ಆಯಿತು.

ಅದರ ಹೆಸರು ಕಲಿಕೆದೀಪ. ಅಂಗಿಯ ಗುಂಡಿಯಷ್ಟು ದೊಡ್ಡದು. ಕಿವಿಯ ಹಿಂದೆ ಅಂಟಿಸಿಕೊಳ್ಳಬೇಕು. ಮನುಷ್ಯ ಹೊಸದೇನನ್ನಾದರೂ ಕಲಿಯುವಾಗ ಮಿದುಳಿನ ನರಗಳ ನಡುವೆ ಹೊಸ ಹೆಣಿಗೆ ಬೀಳುತ್ತದೆ. ಆ ಹೊತ್ತಿನಲ್ಲಿ ಏಳುವ ಸಣ್ಣ ವಿದ್ಯುತ್ ತರಂಗವನ್ನು ಗುಂಡಿ ಗುರುತಿಸಿ ಹಸಿರಾಗಿ ಬೆಳಗುತ್ತದೆ. ಕಲಿತದ್ದನ್ನೇ ಮತ್ತೆ ಮಾಡುವಾಗ ಹೊಸ ಹೆಣಿಗೆ ಇಲ್ಲ, ಹಳೆಯ ದಾರಿಯಲ್ಲೇ ಓಡಾಟ. ಆಗ ದೀಪ ಹಳದಿಯಾಗುತ್ತದೆ.

ಸರ್ಕಾರ ಈ ದೀಪವನ್ನು ನಂಬಿ ತರಬೇತಿ ಕಾಯ್ದೆಯನ್ನೇ ಬದಲಿಸಿತು. ಇಂಟರ್ನ್‌ನ ದೀಪ ಹಸಿರಾಗಿರುವವರೆಗೆ ಅದು ಕಲಿಕೆ, ಸಂಬಳ ಕೊಡಬೇಕಾಗಿಲ್ಲ. ಹಳದಿಯಾದ ಕ್ಷಣದಿಂದ ಅದು ದುಡಿಮೆ, ಸಂಬಳ ಕೊಡಲೇಬೇಕು. ಮೊದಲ ವರ್ಷ ಅನೇಕ ಕಂಪನಿಗಳ ಮಹಡಿಗಳೆಲ್ಲ ಹಳದಿಯಾಗಿ ಬೆಳಗಿದವು. ಧಣಿಗಳು ಗೊಣಗುತ್ತ ಸಂಬಳ ಕೊಟ್ಟರು. ಇಂದುಮತಿಗೆ ಊರೂರಿನಲ್ಲಿ ಶಾಲು ಹೊದಿಸಿದರು. ದಾಕ್ಷಾಯಣಿ ಫೋನ್ ಮಾಡಿ, "ಅಂತೂ ಮಾತು ಉಳಿಸ್ಕೊಂಡಿ ಬಿಡವ್ವಾ," ಎಂದಿದ್ದಳು.

ಅದಾಗಿ ಮೂರನೆಯ ವರ್ಷ, ಒಂದು ಮಧ್ಯಾಹ್ನ, ಅದೇ ದಾಕ್ಷಾಯಣಿ ಖಾಕಿ ಸಮವಸ್ತ್ರದಲ್ಲೇ ಇಂದುಮತಿಯ ಪ್ರಯೋಗಾಲಯಕ್ಕೆ ಬಂದಳು. ಬಸ್ಸುಗಳು ತಾವೇ ಓಡತೊಡಗಿ ಚಾಲಕರು ಬೇರೆ ಕೆಲಸಗಳಿಗೆ ಹೋಗಿದ್ದರೂ ಕಂಡಕ್ಟರುಗಳು ಉಳಿದಿದ್ದರು. ಸೀಟಿಗೆ, ಚಿಲ್ಲರೆಗೆ, ಕಿಟಕಿಯ ಗಾಜಿಗೆ ಜಗಳವಾಡುವ ಜನರನ್ನು ಸಂಭಾಳಿಸುವ ಯಂತ್ರ ಇನ್ನೂ ಹುಟ್ಟಿರಲಿಲ್ಲ.

"ನಿನ್ನ ದೀಪ ನನ್ನ ಮಗಳನ್ನ ತಿನ್ನಾಕತ್ತೈತಿ," ಎಂದಳು, ಕುರ್ಚಿ ತೋರಿಸಿದರೂ ಕೂಡದೆ.

"ಮುಕ್ತಾನ್ನ? ಏನಾತು?"

"ಎರಡು ವರ್ಷಾತು ಜಲಶ್ರುತಿ ಕಂಪನ್ಯಾಗ ದುಡಿಯಾಕತ್ತು. ಕೈಗೆ ಏನೂ ಇಲ್ಲ. ಕೇಳಿದ್ರ, ದೀಪ ಹಸಿರೈತಿ ನೋಡವಾ ಅಂತಾರ."

"ಎರಡು ವರ್ಷ ಹಸಿರು ಇರಾಕ ಸಾಧ್ಯಽ ಇಲ್ಲ. ಯಾವ ಕೆಲಸ ಆದ್ರೂ ಒಂದಿಷ್ಟು ದಿನಕ್ಕ ಕೈಗೆ ಹತ್ತತೈತಿ, ಹಳದಿ ಆಗತೈತಿ."

"ಹಳದಿ ಆಗೂಕಿಂತ ಮೊದಲ ಗಿರ್ಮಿಟ್ ಬರತೈತಿ."

"ಏನಂದಿ?"

"ಗಿರ್ಮಿಟ್ ನೀ ಕೇಳಿಲ್ಲೇನು, ಶಾಲು ಹೊದ್ದು ಹೊದ್ದು ಮರತಿಯೋ?" ದಾಕ್ಷಾಯಣಿ ಈಗ ಕೂತಳು. "ಒಬ್ಬರ ದೀಪ ಒಂಚೂರು ಹಳದಿಗೆ ತಿರುಗಿದ್ರ ಸಾಕು, ಅವತ್ತಽ ಸಂಜೀಕ ಎಲ್ಲಾರ್ಗೂ ಚುರುಮುರಿ ಕಲಸಿದ ಗಿರ್ಮಿಟ್ಟು, ಮಿರ್ಚಿ ಭಜಿ. ಚಪ್ಪಾಳಿ ಹೊಡದು 'ನೀ ಪಾಸಾದಿ' ಅಂತಾರ. ಮುಂಜಾನಿಂದ ಬ್ಯಾರೆ ಮೇಜು, ಬ್ಯಾರೆ ಕೆಲಸ. ಗೊತ್ತಿಲ್ಲದ ಕೆಲಸ ಅಂದಮ್ಯಾಲ ದೀಪ ಮತ್ತ ಹಸಿರು. ಹುಬ್ಬಳ್ಯಾಗ ಹುಟ್ಟಿದ ಹುಡುಗಿ, ಗಿರ್ಮಿಟ್ ಕಂಡ್ರ ಅಳತಾಳ, ಇಂದೂ!"

ಇಂದುಮತಿ ತನ್ನ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು.

"ಕಾರ್ಮಿಕ ನ್ಯಾಯಮಂಡಳಿಗೆ ಅರ್ಜಿ ಹಾಕ್ಯಾಳ. ಸೋಮವಾರ ವಿಚಾರಣಿ. ಕಂಪನ್ಯಾವ್ರು ಸಾಕ್ಷಿಗೆ ಯಾರನ್ನ ಕರಸ್ಯಾರ ಗೊತ್ತೈತೇನು? ನಿನ್ನ."

ಸಮನ್ಸ್ ಬಂದದ್ದು ನಿಜ. ದೀಪದ ವಿವರಣೆಗೆ ಅವಳನ್ನು ಆಗಾಗ ಹೀಗೆ ಕರೆಯುವುದಿತ್ತು. ಅರ್ಜಿದಾರಳು ಯಾರೆಂದು ಅವಳು ನೋಡಿರಲಿಲ್ಲ.

"ಸೋತ್ರ ಅಕಿ ನನ್ನ ಗತೆ ಸೀಟಿ ಊದಾಕ ಬರ್ತಾಳ. ಮನಿ ನಡೀಬೇಕು, ಬ್ಯಾಡ ಅನ್ನಾಕ ನನಗ ಬಾಯಿ ಇಲ್ಲ." ದಾಕ್ಷಾಯಣಿ ಎದ್ದು ಟಿಕೆಟ್ ಯಂತ್ರದ ಪಟ್ಟಿಯನ್ನು ಹೆಗಲಿಗೇರಿಸಿದಳು. "ಒಂದು ಮನ್ಯಾಗ ಒಬ್ಬಾಕಿ ಸಾಕಾಗಿತ್ತು."

ಇಂದುಮತಿ ಮರುದಿನವೇ ಜಲಶ್ರುತಿಗೆ ಹೋದಳು. ಈ ಕಂಪನಿಯದು ನೀರಿನ ಸೋರಿಕೆ ಹಿಡಿಯುವ ಕೆಲಸ. ಊರಿನ ಕೊಳವೆಗಳ ಉದ್ದಕ್ಕೂ ನೆಲದೊಳಗೆ ಶ್ರವಣಸೂಜಿಗಳನ್ನು ನೆಟ್ಟಿದ್ದರು. ಅವು ಮಣ್ಣಿನ ಕೆಳಗಿನ ಸದ್ದನ್ನೆಲ್ಲ ಕೇಳಿ ಗಣಕಕ್ಕೆ ಕಳಿಸುತ್ತಿದ್ದವು. ಬಸ್ಸಿನ ಗುಡುಗು ಯಾವುದು, ಹಿಟ್ಟಿನ ಗಿರಣಿಯ ಅದುರು ಯಾವುದು, ಒಡೆದ ಕೊಳವೆಯ ಸುಯ್ಯೆನ್ನುವ ಸದ್ದು ಯಾವುದು ಎಂದು ಗಣಕಕ್ಕೆ ಹೇಳಿಕೊಡುವವರು ಇಂಟರ್ನ್‌ಗಳು. ವಾರಕ್ಕೊಮ್ಮೆ ನೀರು ಬರುವ ಓಣಿಗಳಲ್ಲಿ ಒಂದು ಸೋರಿಕೆ ನಿಂತರೆ ಜನ ಹಬ್ಬ ಮಾಡುತ್ತಿದ್ದರು.

ಮುಖ್ಯಸ್ಥ ಅಭಿಜಿತ ಗಲಗಲಿ ಬಾಗಿಲಿಗೇ ಬಂದು ಕೈಮುಗಿದ.

"ಬರ್ರಿ ಮೇಡಂ, ಬರ್ರಿ! ನಿಮ್ಮ ದೀಪನಽ ನಮಗ ದೇವರು."

"ದೇವರ ಕಣ್ಣಾಗ ಮಣ್ಣು ಹಾಕೀರಂತ ಕೇಳಿದೆ."

"ಛೇ, ಛೇ. ಎಲ್ಲಾ ದೀಪ ಬಿಚ್ಚಿ ನೋಡ್ರಿ. ಒಂದು ತಂತಿ ಆಕಡೆ ಈಕಡೆ ಆಗಿದ್ರ ನನ್ನ ಹೆಸರು ತಗದು ಇಡ್ರಿ. ಬ್ಯಾರೆ ಕಂಪನ್ಯಾವ್ರು ಹುಡುಗರ ಕೈಲೆ ಒಂದಽ ಕೆಲಸ ಮಾಡಿಸಿ ಮರಗಟ್ಟಸ್ತಾರ. ನಾವು ದಿನಾ ಹೊಸಾದು ಕಲಸ್ತೀವಿ. ಇದು ತಪ್ಪೇನ್ರಿ?"

ಇಂದುಮತಿ ಒಂದೊಂದಾಗಿ ದೀಪಗಳನ್ನು ಪರೀಕ್ಷಿಸಿದಳು. ಎಲ್ಲಿಯಾದರೂ ಕೈಚಳಕ ಕಂಡೀತೆಂದು ಅವಳ ಮನಸ್ಸು ಹಂಬಲಿಸಿತ್ತು. ಕಂಡಿದ್ದರೆ ಕೆಲಸ ಸುಲಭವಾಗುತ್ತಿತ್ತು. ಕಾಣಲಿಲ್ಲ. ಎಲ್ಲ ದೀಪಗಳೂ ಪ್ರಾಮಾಣಿಕವಾಗಿದ್ದವು. ಅವುಗಳಲ್ಲಿ ಒಂದೂ ಹಳದಿ ಇರಲಿಲ್ಲ.

ಕೊನೆಗೆ ಮುಕ್ತಾಳ ಪಕ್ಕದಲ್ಲಿ ಕೂತಳು. ತಾಯಿಯದೇ ಚೂಪು ಗದ್ದ, ಕಿವಿಗೆ ಹೆಡ್‌ಫೋನು.

"ಏನೇನು ಕಲ್ತಿ ಇಲ್ಲಿ?"

"ಎಲ್ಲಾದ್ರ ಮೊದಲನೇ ಪಾಠ ಕಲ್ತೀನ್ರಿ ಆಂಟಿ," ಎಂದಳು ಮುಕ್ತಾ, ಪರದೆಯಿಂದ ಕಣ್ಣು ಕೀಳದೆ. "ಕೊನೇ ಪಾಠ ಯಾವುದರದೂ ಗೊತ್ತಿಲ್ಲ. ನೀರಿನ ಒತ್ತಡದ ನಕ್ಷೆ ಅರ್ಧಾ ಮಾಡಿದ್ದೆ, ಗಿರ್ಮಿಟ್ ಬಂತು. ಸೂಜಿ ಜೋಡಿಸೂದು ಈಗ ಕೈಗೆ ಹತ್ತಿತು ಅನ್ನೂದ್ರಾಗ ಗಿರ್ಮಿಟ್ ಬಂತು. ಈಗ ಇದು. ಹೊರಗ ಕೆಲಸಕ್ಕ ಹೋದ್ರ, ನಿನಗೇನು ಪೂರ್ತಿ ಬರತೈತಿ ಅಂತ ಕೇಳ್ತಾರ. ಏನ್ ಹೇಳ್ಲಿ? ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಾಕ ಬರತೈತಿ ಅನ್ಲೇನು? ಅದೂ ನಮ್ಮವ್ವ ಕಲಸಿದ್ದು."

ಥಟ್ಟನೆ ಅವಳು ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು. ಹೆಡ್‌ಫೋನನ್ನು ಅದುಮಿ ಹಿಡಿದಳು. ವಿದ್ಯಾನಗರದ ಒಂದು ಸೂಜಿಯಿಂದ ವಿಚಿತ್ರ ಸದ್ದು ಬರುತ್ತಿತ್ತು. ಸುಯ್ಯೆನ್ನುವುದೂ ಅಲ್ಲ, ಅದುರುವುದೂ ಅಲ್ಲ. ಗಣಕ ಅದನ್ನು ರಸ್ತೆಯ ಸದ್ದೆಂದು ತಳ್ಳಿಹಾಕಿತ್ತು. ಮುಕ್ತಾ ಅದನ್ನು ಮತ್ತೆ ಮತ್ತೆ ಕೇಳಿದಳು, ನಿಧಾನಿಸಿ ಕೇಳಿದಳು, ಪಕ್ಕದ ಸೂಜಿಯ ಸದ್ದಿನೊಡನೆ ಇಟ್ಟು ನೋಡಿದಳು. ಕಿವಿಯ ಹಿಂದಿನ ದೀಪ ಎಲೆಹಸಿರಾಗಿ ಉರಿಯಿತು.

"ಇದು ಬಸ್ಸಲ್ರಿ," ಎಂದಳು ಮೆಲ್ಲಗೆ. "ನೀರು ಗಟಾರದ ಕಲ್ಲಿಗೆ ಬಡಿಯಾಕತ್ತೈತಿ. ಅದಕ್ಕಽ ಸದ್ದು ಮೊಂಡ ಆಗೇತಿ." ಜಾಗವನ್ನು ಗುರುತು ಮಾಡಿ ದುರಸ್ತಿ ತಂಡಕ್ಕೆ ಕಳಿಸಿದಳು.

ಇಂದುಮತಿ ಅಲ್ಲೇ ಕೂತಿದ್ದಳು. ಚಹಾ ಬಂದು ಹೋದ ಮೇಲೆ ಪರದೆಯ ಮೂಲೆಯಲ್ಲಿ ತಂಡದ ಉತ್ತರ ಬಂತು: ಗಟಾರದ ಗೋಡೆಯ ಹಿಂದೆ ಕೊಳವೆ ಒಡೆದಿತ್ತು, ಮುಚ್ಚಿದ್ದೇವೆ, ಮೂರು ಓಣಿಗೆ ನೀರು ಬಂತು. ಕೆಳಗೆ ಕಂಪನಿಯ ಮೊಹರು, ನಗರಪಾಲಿಕೆಗೆ ಕಳಿಸುವ ಬಿಲ್ಲಿನ ಸಂಖ್ಯೆ. ಮುಕ್ತಾಳ ಕಿವಿಯ ಹಿಂದೆ ಇನ್ನೂ ಹಸಿರು.

ಇಂದುಮತಿ ಆ ದೀಪವನ್ನೇ ನೋಡಿದಳು. ದೀಪ ಸರಿಯಾಗಿತ್ತು. ಹುಡುಗಿ ಕಲಿತಿದ್ದಳು. ಹುಡುಗಿ ದುಡಿದೂ ಇದ್ದಳು, ಅದೇ ಕ್ಷಣದಲ್ಲಿ, ಅದೇ ಕಿವಿಯಿಂದ. ತಪ್ಪು ಯಂತ್ರದಲ್ಲಿ ಇರಲಿಲ್ಲ. ತಾನು ಬಸ್ ನಿಲ್ದಾಣದಲ್ಲಿ ಆಡಿದ ಮಾತಿನಲ್ಲೇ ಇತ್ತು.

ಸೋಮವಾರ ನ್ಯಾಯಮಂಡಳಿಯ ಸಣ್ಣ ಕೋಣೆ ತುಂಬಿತ್ತು. ಪೀಠದಲ್ಲಿ ಕೂತ ಅಧಿಕಾರಿ ಇಮಾಮಸಾಬ ನದಾಫ ಮಿತಮಾತಿನವರು. ಹಿಂದಿನ ಬೆಂಚಿನಲ್ಲಿ ದಾಕ್ಷಾಯಣಿ ಕೈಕಟ್ಟಿ ಕೂತಿದ್ದಳು.

ಗಲಗಲಿ ತಾನೇ ವಾದಿಸಿದ. "ಮೇಡಂ, ಒಂದಽ ಪ್ರಶ್ನೆ. ಅರ್ಜಿದಾರಳ ದೀಪ ಎರಡು ವರ್ಷ ಹಸಿರಿತ್ತು. ಆ ದೀಪ ಸುಳ್ಳು ಹೇಳೇದೇನ್ರಿ?"

"ಇಲ್ಲ. ಖರೇನಽ ಹೇಳೈತಿ."

ಗಲಗಲಿ ಕೂತುಬಿಟ್ಟ. ಮುಕ್ತಾ ತಲೆ ತಗ್ಗಿಸಿದಳು. ದಾಕ್ಷಾಯಣಿ ಮಾತ್ರ ಗೆಳತಿಯ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಸಾಹೇಬರ ಅಪ್ಪಣೆ ಇದ್ರ ಇನ್ನೊಂದು ಮಾತು," ಎಂದಳು ಇಂದುಮತಿ. ಚೀಲದಿಂದ ಎರಡು ದೀಪ ತೆಗೆದಳು. "ಒಂದನ್ನ ನೀವು ಹಚ್ಚಿಕೋಬೇಕು. ಇನ್ನೊಂದನ್ನ ಗಲಗಲಿಯವರು."

ನದಾಫರು ಒಮ್ಮೆ ಸುತ್ತ ನೋಡಿ ದೀಪವನ್ನು ಕಿವಿಯ ಹಿಂದೆ ಅಂಟಿಸಿಕೊಂಡರು. ಅದು ಹಸಿರಾಗಿ ಬೆಳಗಿತು. ಗಲಗಲಿ ಒಲ್ಲದ ಮನಸ್ಸಿನಿಂದ ಹಚ್ಚಿಕೊಂಡು, ತಾನು ಕಾಯ್ದೆ ಮುರಿದಿಲ್ಲವೆಂದು ಬಾಯಿಪಾಠದ ವಾದವನ್ನು ಮತ್ತೆ ಹೇಳತೊಡಗಿದ. ಅವನದು ಅಚ್ಚ ಹಳದಿ.

"ಇಂಥಾ ಖಟ್ಲೆ ಸಾಹೇಬರ ಮುಂದ ಇದಽ ಮೊದಲು," ಎಂದಳು ಇಂದುಮತಿ. "ಅವರು ಕೇಳಿಕೋತ ಕಲಿಯಾಕತ್ತಾರ. ಕಾಯ್ದೆ ಪ್ರಕಾರ ಅವರಿಗೆ ಇವತ್ತು ಪಗಾರ ಇಲ್ಲ."

ಕೋಣೆಯಲ್ಲಿ ನಗು ಎದ್ದಿತು. ನದಾಫರು ಫೋನಿನ ಗಾಜಿನಲ್ಲಿ ತಮ್ಮ ಕಿವಿಯನ್ನು ನೋಡಿಕೊಂಡು, "ಮನಿಯಾಗ ಏನ್ ಹೇಳ್ಲಿ?" ಎಂದರು. ಆಮೇಲೆ ಗಂಭೀರರಾದರು. "ಮುಂದ ಹೇಳ್ರಿ."

"ಎತ್ತರಾನೂ ತೂಕಾನೂ ಒಬ್ಬ ಮನುಷ್ಯಾಗಽ ಇರತಾವ್ರಿ. ಎತ್ತರ ಅಳದು ತೂಕ ಹೇಳಾಕ ಬರೂದಿಲ್ಲ. ನನ್ನ ದೀಪ ಕಲಿಕೆ ಅಳೀತೈತಿ, ಅಷ್ಟಽ. ಕಲಿಕೆ ಇದ್ದಲ್ಲಿ ದುಡಿಮೆ ಇಲ್ಲಂತ ನಾನು ತಿಳಿದೆ. ನಾ ತಿಳಿದದ್ದನ್ನ ಸರ್ಕಾರದವ್ರು ಕಾಯ್ದೆ ಮಾಡಿದ್ರು. ಮೊನ್ನೆ ಈ ಹುಡುಗಿ ಒಂದು ಹೊಸಾ ಸದ್ದು ಕಲ್ತಳು. ಕಲ್ತ ಹೊತ್ತಿನಾಗಽ ಮೂರು ಓಣಿಗೆ ನೀರು ಬಂತು. ಕಂಪನಿ ಬಿಲ್ ಹಾಕ್ತು. ಚಲೋ ಕೆಲಸ ಮಾಡೂ ಯಾರನ್ನ ಹಿಡದು ನೋಡ್ರಿ, ಅವರು ಮಾಡಿಕೋತ ಕಲೀತಾರ. ಈ ಕಾಯ್ದೆ ಇರೂತನಕ ಅವರಿಗೆಲ್ಲಾ ಬಿಟ್ಟಿ ಚಾಕರಿನಽ ಗತಿ."

"ಹಂಗಾದ್ರ ನಾವು ಏನು ನೋಡಬೇಕು?"

"ಆಕಿ ಮಾಡಿದ್ದು ಯಾರಿಗಾದ್ರೂ ಉಪಯೋಗ ಬಿತ್ತೋ ಇಲ್ಲೋ, ಅದನ್ನ ನೋಡ್ರಿ. ಬಿತ್ತು ಅಂದ್ರ ಪಗಾರ. ದೀಪ ಯಾವ ಬಣ್ಣಾನಽ ಇರಲಿ."

"ನಿಮ್ಮ ಯಂತ್ರ?"

"ಕಾಯ್ದೆಯಿಂದ ತಗದು ಹಾಕಾಕ ಸರ್ಕಾರಕ್ಕ ಹೇಳ್ರಿ."

ಗಲಗಲಿ ಎದ್ದು ನಿಂತ. ಅವನ ದನಿಯಲ್ಲಿ ನಿಜವಾದ ಕಳವಳವಿತ್ತು. "ಮೇಡಂ, ನಿಮ್ಮ ಜೀವಮಾನದ ಕೆಲಸ ರೀ ಅದು!"

"ಹೌದು," ಎಂದಳು ಇಂದುಮತಿ. "ಬರಕೊಳ್ರಿ."

ಕಂಪನಿ ಬಿಲ್ ಹಾಕಿದ ಕೆಲಸ ಬರೀ ಕಲಿಕೆಯಲ್ಲ, ದುಡಿಮೆಯೂ ಹೌದು ಎಂದು ಆದೇಶ ಮುಕ್ತಾಳ ಪರವಾಗಿ ಬಂತು. ಎರಡು ವರ್ಷದ ಸಂಬಳ ಕೊಡಬೇಕು, ಕೈಗೆತ್ತಿಕೊಂಡ ಕೆಲಸ ಮುಗಿಯುವವರೆಗೆ ಮೇಜು ಬದಲಿಸಕೂಡದು ಎಂದು ಅದರಲ್ಲಿತ್ತು. ಗಲಗಲಿ ಮೇಲಿನ ನ್ಯಾಯಾಲಯಕ್ಕೆ ಹೋಗಿ ಅಲ್ಲಿಯೂ ಸೋತ. ಮುಂದಿನ ಅಧಿವೇಶನದಲ್ಲಿ ಕಾಯ್ದೆಯ ದೀಪದ ಕಲಮು ರದ್ದಾಯಿತು. ಇಂದುಮತಿಗೆ ಶಾಲು ಹೊದಿಸಿದವರು ಅವಳ ಫೋನ್ ಎತ್ತುವುದನ್ನು ಬಿಟ್ಟರು.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಕಂಪನಿಗಳು ಎಸೆದ ದೀಪಗಳು ಸಂತೆಯಲ್ಲಿ ಅಗ್ಗಕ್ಕೆ ಬಂದವು. ಸಂಬಳವಿದ್ದ ಜನರು ತಮಾಷೆಗೆಂದು ಕೊಂಡು ಹಚ್ಚಿಕೊಂಡರು. ಬ್ಯಾಂಕಿನ ಗುಮಾಸ್ತರು ಬೆಳಗಿನಿಂದ ಸಂಜೆಯವರೆಗೆ ಹಳದಿ. ಶಿಕ್ಷಕರು ಕೆಲವರು ಹಳದಿ. ದಾಕ್ಷಾಯಣಿಯೂ ಒಂದು ಹಚ್ಚಿಕೊಂಡು ಇಡೀ ದಿನ ಬಸ್ಸಿನಲ್ಲಿ ಹಳದಿಯಾಗಿಯೇ ಇದ್ದಳು. ಒಬ್ಬ ಅಜ್ಜ ಕೋಳಿಗೂ ಹಿರಿಯ ನಾಗರಿಕರ ರಿಯಾಯಿತಿ ಕೇಳಿದಾಗ ಒಂದು ಗಳಿಗೆ ಹಸಿರಾಯಿತಂತೆ.

ಅವಳು ಅದನ್ನು ಹೇಳಿ ನಕ್ಕು ಸುಮ್ಮನಾಗಲಿಲ್ಲ. ಕಂಡಕ್ಟರರ ಸಂಘದಲ್ಲಿ ಎದ್ದು ನಿಂತು, ಪಗಾರಿನ ದಿನದೊಳಗೇ ಹೊಸದು ಕಲಿಯಲು ಒಂದಷ್ಟು ಹೊತ್ತು ಬೇಕೆಂದು ಬೇಡಿಕೆ ಇಟ್ಟಳು. ಅದಕ್ಕೆ ಹಸಿರು ತಾಸು ಎಂದು ಹೆಸರು ಬಿತ್ತು. ಸಂಬಳವಿಲ್ಲದ ಕಲಿಕೆಯ ವಿರುದ್ಧ ಹುಟ್ಟಿದ ದೀಪ ಈಗ ಕಲಿಕೆಯಿಲ್ಲದ ಸಂಬಳದ ವಿರುದ್ಧ ಮೆರವಣಿಗೆಯಲ್ಲಿ ನಡೆಯುತ್ತಿತ್ತು. ಬೇಡಿಕೆಗೆ ಒಪ್ಪಿಗೆ ಸಿಕ್ಕು ಬಂದ ಮೊದಲ ಹಸಿರು ತಾಸಿನಲ್ಲಿ ದಾಕ್ಷಾಯಣಿ, ತಾನು ಎಂದೋ ಅರ್ಧಕ್ಕೆ ಬಿಟ್ಟಿದ್ದ ಕ್ರಮವಿಧಿ ಬರೆಯುವ ಪಾಠಕ್ಕೆ ಕೂತಳು.

ಮುಕ್ತಾ ಸೋರಿಕೆಯ ಸದ್ದುಗಳ ಕೆಲಸವನ್ನು ಕೊನೆಯವರೆಗೆ ಮುಗಿಸಿದಳು. ಮುಗಿದ ದಿನ ತನ್ನದೇ ದುಡ್ಡಿನಲ್ಲಿ ಗಿರ್ಮಿಟ್ ಕಟ್ಟಿಸಿಕೊಂಡು ಉಣಕಲ್ ನಿಲ್ದಾಣಕ್ಕೆ ಬಂದಳು. ಪಾಳಿ ಮುಗಿಸಿದ ತಾಯಿಯೂ ಇಂದುಮತಿಯೂ ಅಲ್ಲಿದ್ದರು. ಮೂವರೂ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಒಂದೇ ಕಾಗದದಿಂದ ತಿಂದರು.

"ಇಂದೂ, ಇದಽ ಕಲ್ಲಿನ ಮ್ಯಾಲ ಕುಂತು ಮಾತು ಕೊಟ್ಟಿದ್ದಿ," ಎಂದಳು ದಾಕ್ಷಾಯಣಿ, ಹಸಿಮೆಣಸಿನಕಾಯಿ ಕಚ್ಚುತ್ತ. "ಎರಡನ್ನೂ ಬ್ಯಾರೆ ಮಾಡೂ ಯಂತ್ರ."

"ಅದು ಆಗೂದಲ್ಲ, ದಾಕ್ಷಿ."

ಬಸ್ಸು ಬಂತು. ಇಂದುಮತಿ ಕೊಟ್ಟ ಮಾತು ನಡೆಯಲಿಲ್ಲ.