ಮಾವಳ್ಳಿಯ ಮೀನು ಜೀಪು

"ಫ್ಯೂಸ್ ಸುಡೂದು ಜೀಪೋ, ನೀವೋ?"

ನಾನು ಕೇಳಿದ್ದು ತಮಾಷೆಗೆ. ಆದರೆ ಜೀಪಿನ ಹಿಂದೆ ಖಾಲಿ ಬುಟ್ಟಿಗಳ ಜೊತೆ ಕೂತಿದ್ದ ಮೀನು ಮಾರುವ ಹೆಂಗಸರ ಎದುರಿಗೆ ಕೇಳಿಬಿಟ್ಟೆ. ಅವರು ಬಿದ್ದು ಬಿದ್ದು ನಕ್ಕರು. ಡ್ರೈವರ್ ಶನಿಯಾರನ ಕಿವಿ ಕೆಂಪಾಯಿತು. ಜೀಪು ಹತ್ತಿ ಹೊರಟುಹೋದ.

ಅದು ಎಂಬತ್ತೆರಡನೇ ಇಸವಿ. ಭಟ್ಕಳ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಪ್ಪ ಲಿಂಗಪ್ಪನ ಅಂಗಡಿ. ಗಾಡಿಗಳ ಬ್ಯಾಟರಿ, ಹಾರ್ನು, ವಯರಿಂಗ್ ಕೆಲಸ. ಅಪ್ಪನ ಕಣ್ಣು ಮಂಜಾದ ಮೇಲೆ ಕರೆಂಟು ಹರಿಯುತ್ತಿದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪು ನನ್ನ ಕೈಗೆ ಬಂದಿತ್ತು. ಹುಡುಗಿ ವಯರು ಮುಟ್ಟುತ್ತಾಳೆ ಎಂದು ಕೆಲವರು ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರು. ಶನಿಯಾರ ಮಾತ್ರ ಮೊದಲ ದಿನವೇ ಬಾನೆಟ್ ಎತ್ತಿ, ಬದಿಗೆ ಸರಿದು, "ನೀವೇ ನೋಡಿ" ಅಂದವನು.

ಮಾವಳ್ಳಿಯ ಕಡಲ ದಂಡೆಯಲ್ಲಿ, ಲಾರಿ ಹೂತುಹೋಗುವ ಮರಳಿನಲ್ಲಿ ನಾಲ್ಕೂ ಗಾಲಿ ತಿರುಗಿಸುತ್ತ ದೋಣಿಯ ಬುಡಕ್ಕೇ ಹೋಗುವ ಜೀಪು ಅದು. ಅದರ ಬ್ರೇಕ್ ಲೈಟಿನ ಫ್ಯೂಸು ಸುಡುತ್ತಿತ್ತು. ಅಂಗಡಿಗೆ ಬಂದರೆ ಎಲ್ಲ ಸರಿ. ಹೊಸ ಫ್ಯೂಸು ಹಾಕಿದರೆ ಲೈಟು ಉರಿಯುತ್ತಿತ್ತು. ನಾಲ್ಕು ದಿನಕ್ಕೆ ಮತ್ತೆ ಹಾಜರು. ಹನ್ನೆರಡು ದಿನದಲ್ಲಿ ಮೂರು ಸಲ.

ನಾನು ಕೇಳುವ ಮೊದಲೇ ಶನಿಯಾರ ಸ್ಕ್ರೂಡ್ರೈವರ್ ನನ್ನ ಕೈಗಿಡುತ್ತಿದ್ದ. ಒಮ್ಮೆ ನನ್ನ ಮೂಗಿಗೆ ಗ್ರೀಸು ಹತ್ತಿತ್ತು. ಹೇಳಲು ನಾಚಿಕೆಯಾಗಿ ಅವನು ತನ್ನ ಮೂಗನ್ನೇ ಒರೆಸಿ ಒರೆಸಿ ತೋರಿಸಿದ. ನಾನು ತಿಳಿಯದವಳಂತೆ ಇನ್ನಷ್ಟು ಹೊತ್ತು ನೋಡುತ್ತಾ ನಿಂತೆ. ಆ ಸಲಿಗೆಯ ಮೇಲೇ ತಮಾಷೆ ಮಾಡಿದ್ದು.

ಮೂರು ದಿನ ಬಿಟ್ಟು ಹನುಮಕ್ಕ ನಮ್ಮ ಬಾಗಿಲಿಗೆ ಮೀನು ತಂದಳು. ಅವಳೂ ಆ ಜೀಪಿನಲ್ಲೇ ಬರುವವಳು. ನನ್ನ ಮಾತು ಜೀಪಿಗಿಂತ ಮೊದಲೇ ಮಾವಳ್ಳಿ ಮುಟ್ಟಿತ್ತಂತೆ. "ಹುಡುಗಿ ನೋಡುವ ಆಸೆಗೆ ನನ್ನ ಗಾಡಿ ಕೆಡಿಸುತ್ತೀಯಾ, ಇನ್ನೊಂದು ಫ್ಯೂಸು ಸುಟ್ಟರೆ ಕೀಲಿಕೈ ಇಟ್ಟು ಹೋಗು" ಎಂದು ಜೀಪಿನ ಮಾಲಕರಾದ ಶ್ರೀಕೃಷ್ಣ ಸಾವ್ಕಾರ್ರು ಎಲ್ಲರೆದುರು ಶನಿಯಾರನಿಗೆ ಬೈದಿದ್ದರಂತೆ.

"ನೀ ನಗಾಡ್ಬಿಟ್ಟೆ. ಅವನ ಅನ್ನ ಹೋಗ್ತದೆ ಮಗಾ," ಅಂದಳು.

ಮರುದಿನ ಮೊದಲ ಬಸ್ಸಿಗೆ ನಾನು ಮಾವಳ್ಳಿಗೆ ಹೋದೆ.

ಕಡಲ ಬದಿಯಲ್ಲಿ ಶನಿಯಾರ ನನ್ನನ್ನು ಕಂಡು, ಕಟ್ಟಿದ್ದ ಹಗ್ಗವನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದ. ಸಾವ್ಕಾರ್ರು ಕೈ ಕಟ್ಟಿ ನಿಂತಿದ್ದರು. ನಾನು ಅವರಿಗೇ ಹೇಳಿದೆ: "ಖಾಲಿ ಜೀಪು ನೋಡಿ ಸಾಕಾತು. ತುಂಬಿದ್ದು ನೋಡ್ಬೇಕು."

ಫ್ಯೂಸು ತೆಗೆದು, ಅದರ ಜಾಗದಲ್ಲಿ ಎರಡು ಉದ್ದ ವಯರಿನ ಒಂದು ಬಲ್ಬು ಸೇರಿಸಿದೆ. ಬ್ರೇಕ್ ಒತ್ತಿದಾಗ ಬಲ್ಬು ಮಿಣಿಮಿಣಿ ಅಂದರೆ ಎಲ್ಲ ಸರಿ. ಪೂರ್ತಿ ಉರಿದರೆ ಕರೆಂಟು ಎಲ್ಲೋ ಕಬ್ಬಿಣಕ್ಕೆ ಹರಿಯುತ್ತಿದೆ ಎಂದು ಅರ್ಥ. ಫ್ಯೂಸಿನ ಹಾಗೆ ಇದು ಸುಟ್ಟುಹೋಗುವುದಿಲ್ಲ ಎಂದು ಸಾವ್ಕಾರ್ರಿಗೆ ತಿಳಿಸಿ ಹೇಳಿದೆ.

ಬುಟ್ಟಿ ಏರಿದವು, ಹನುಮಕ್ಕ ಮತ್ತು ಮೂವರು ಹೆಂಗಸರು ಏರಿದರು, ಜೀಪು ಹಿಂದಕ್ಕೆ ಕುಸಿಯಿತು. ನಾನು ಮುಂದೆ ಕೂತೆ, ಬಲ್ಬು ಮಡಿಲಲ್ಲಿ. ಶನಿಯಾರ ರಸ್ತೆ ಬಿಟ್ಟು ಏನನ್ನೂ ನೋಡಲಿಲ್ಲ. ಅಲ್ಲಿ ರಸ್ತೆಯೇ ಇರಲಿಲ್ಲ, ಬರೀ ಮರಳು. ದಿಬ್ಬ ಇಳಿಯುವಾಗ ಬ್ರೇಕ್ ಒತ್ತಿದ. ಬಲ್ಬು ಝಗ್ಗನೆ ಉರಿಯಿತು. ಆ ಬೆಳಕು ಅವನ ಗದ್ದಕ್ಕೆ ಬಿದ್ದಾಗ, ಮೂರು ನಾಲ್ಕು ದಿನದಿಂದ ಅವನು ಗಡ್ಡ ಬೋಳಿಸಿಕೊಂಡಿಲ್ಲ ಎಂದು ಕಂಡಿತು. ಅಲ್ಲೇ ಜೀಪು ನಿಲ್ಲಿಸಲು ಹೇಳಿದೆ; ಸಾವ್ಕಾರ್ರೂ ಹಿಂದೆಯೇ ನಡೆದು ಬಂದರು.

ಹಸಿ ಮರಳಲ್ಲಿ ಮಲಗಿ ಜೀಪಿನಡಿ ತೆವಳಿದೆ. ಹಿಂಬದಿಯ ತಗಡಿನ ಕೆಳಗೆ, ವಯರಿಗೆ ವಯರು ಸೇರಿಸಿ ಟೇಪು ಸುತ್ತಿದ ಒಂದು ಜೋಡು. ಟೇಪು ಕಿತ್ತುಹೋಗಿ, ತಂತಿ ಉಪ್ಪಿಗೆ ಹಸಿರಾಗಿತ್ತು. ಭಾರಕ್ಕೆ ತಗಡು ಬಗ್ಗಿದಾಗ ಆ ಬೆತ್ತಲೆ ತಂತಿ ಛಾಸಿಯ ಕಬ್ಬಿಣಕ್ಕೆ ಒತ್ತುತ್ತಿತ್ತು. ಅದರ ಮೇಲೆ ಸರಿಯಾಗಿ, ತಗಡಿನ ತೂತಿನಿಂದ ಮೀನಿನ ನೀರು ತೊಟ್ಟಿಕ್ಕುತ್ತಿತ್ತು.

"ಈ ತೂತು ಯಾರು ಮಾಡಿದ್ದು?"

"ನಾನೇ," ಅಂದ ಶನಿಯಾರ.

ಹನುಮಕ್ಕನ ಹಿಮ್ಮಡಿ ಒಡೆದಿತ್ತಂತೆ. ಭಟ್ಕಳದವರೆಗೆ ಉಪ್ಪುನೀರಲ್ಲಿ ಕಾಲಿಟ್ಟು ಕೂತರೆ ಉರಿ. ನೀರು ಇಳಿದುಹೋಗಲಿ ಎಂದು ತಗಡಿಗೆ ಮೊಳೆ ಹೊಡೆದು ತೂತು ಮಾಡಿದ್ದನಂತೆ. ಹನುಮಕ್ಕ ಸೀರೆ ಎತ್ತಿ ತನ್ನ ಹಿಮ್ಮಡಿಯನ್ನೇ ಸಾವ್ಕಾರ್ರಿಗೆ ತೋರಿಸಿದಳು. ಅವರು ಕಡಲಿನ ಕಡೆ ಮುಖ ತಿರುಗಿಸಿದರು.

"ಸಾವ್ಕಾರ್ರೇ, ಗಾಡಿ ಕೆಡಿಸೂಕೆ ಮಾಡಿದ್ದಲ್ಲ ಇದು," ಅಂದೆ. "ತಮಾಷೆ ಮಾಡಿದ್ದು ನಾನು. ತಪ್ಪಾತು."

ಜೋಡು ಬಿಚ್ಚಿ ಹೊಸದಾಗಿ ಸುತ್ತಿ, ವಯರನ್ನು ಮೇಲಕ್ಕೆತ್ತಿ ಕಟ್ಟಿದೆ. ತೂತಿಗೊಂದು ರಬ್ಬರ್ ನಳಿಗೆ ಸಿಕ್ಕಿಸಿ ನೀರನ್ನು ಆಚೆ ತಿರುಗಿಸಿದೆ. ಮತ್ತೆ ಹತ್ತು ಸಲ ಬ್ರೇಕ್ ಒತ್ತಿಸಿದೆ. ಬಲ್ಬು ಹತ್ತು ಸಲವೂ ಮಿಣಿಮಿಣಿ. ಅದನ್ನು ತೆಗೆದು ಫ್ಯೂಸು ಹಾಕಿದೆ. ಸಾವ್ಕಾರ್ರು ಕೆಮ್ಮಿ, "ಹೊರಡು ಮಾರಾಯಾ, ಮೀನು ಹಾಳಾಗ್ತದೆ" ಅಂದರು. ಶನಿಯಾರನ ಕೆಲಸ ಉಳಿಯಿತು.

ಭಟ್ಕಳಕ್ಕೆ ನಾನೂ ಆ ಜೀಪಿನಲ್ಲೇ ಹೊರಟೆ. ಶಿರಾಲಿ ದಾಟಿತು. ಆಮೇಲೆ ಶನಿಯಾರ ಅಂಗಿಯ ಕಿಸೆಯಿಂದ ಒಂದು ಗಾಜಿನ ಫ್ಯೂಸು ತೆಗೆದು ನನ್ನ ಅಂಗೈಯಲ್ಲಿಟ್ಟ. ಬಿಸಿಲಿಗೆ ಹಿಡಿದೆ. ಒಳಗಿನ ಎಳೆ ಇಡಿಯಾಗಿತ್ತು.

"ಮೊದ್ಲೆರಡು ಸಲ ಸುಟ್ಟದ್ದು ಖರೆ," ಅಂದ. "ಮೂರನೇ ಸಲ ಸುಡ್ಲೇ ಇಲ್ಲ. ನಾನೇ ತೆಗ್ದೆ. ನೀವು ಅದ್ನೇ ಕೇಳ್ದಾಗ ಎಂತ ಹೇಳೂದು?"

"ಅಂದ್ರೆ ಸಾವ್ಕಾರ್ರ ಎದ್ರಿಗೆ ನಾನು ಸುಳ್ಳು ಹೇಳ್ದಂಗಾತು."

"ಮೂರ್ರಲ್ಲಿ ಎರಡು ಪಾಲು ಖರೆ."

ನನಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು.

"ಇನ್ನು ಜೀಪು ಕೆಡೂದಿಲ್ಲ," ಅಂದ ಅವನು, ಸಣ್ಣ ದನಿಯಲ್ಲಿ. "ನಿಮ್ಮನ್ನ ನೋಡ್ದೆ ಇರೂಕೆ ನಂಗೆ ಆಗೂದಿಲ್ಲ, ಮಾದೇವಿ."

ನನ್ನ ಹೆಸರು ಅವನ ಬಾಯಲ್ಲಿ ಅದೇ ಮೊದಲು.

"ಆಯ್ತವಾರ ಅಂಗಡಿ ಇಲ್ಲ. ಅಪ್ಪ ಮನೇಲೇ ಇರ್ತಾರೆ," ಅಂದೆ. "ಜೀಪು ತರ್ಬೇಡಿ. ನಿಮ್ಮ ಅಮ್ಮನ್ನ ಕರ್ಕಂಡು ಬನ್ನಿ."

ನಮ್ಮ ಅಂಗಡಿ ದಾಟಿತು, ಮೀನು ಮಾರ್ಕೆಟ್ಟೂ ದಾಟಿತು, ಅವನು ನಗುತ್ತಾ ಜೀಪು ಓಡಿಸುತ್ತಲೇ ಇದ್ದ. ಕೊನೆಗೆ ಹನುಮಕ್ಕ ಹಿಂದಿನಿಂದ ಅವನ ಬೆನ್ನಿಗೆ ಗುದ್ದಿ, "ಊರು ಬಿಟ್ಟೇ ಹೋಗೂದಾದ್ರೆ ನಮ್ಮನ್ನ ಇಳಿಸಿ ಹೋಗಿ" ಅನ್ನಬೇಕಾಯಿತು.